ವಿಕಿರಣಕ್ಕೆ ದಿಕ್ಕು, ಎಚ್ಚರಕ್ಕೆ ಅಳತೆ

ನೋವು ಕೊಡದೆ ಗುಣಪಡಿಸಲಾಗದ ರೋಗಗಳು ಇರುವವರೆಗೆ, ಚಿಕಿತ್ಸೆಯೇ ಉಂಟುಮಾಡಿದ ಹಾನಿಗೆ ಹೊಣೆ ಯಾರದು ಎಂಬ ಪ್ರಶ್ನೆಯೂ ಉಳಿದೇ ಇರುತ್ತದೆ. ಭಾರತೀಯ ದರ್ಶನಗಳಲ್ಲಿ ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಹೆಚ್ಚು ನಿಷ್ಠುರವಾಗಿ ಎದುರಿಸಿದ್ದು ಜೈನ ದರ್ಶನ. ಅಹಿಂಸೆಯನ್ನು ಮೊದಲ ವ್ರತವಾಗಿ ಇಟ್ಟುಕೊಂಡ ಮತಕ್ಕೆ, ಬದುಕಿಸಲೆಂದೇ ಮೈಯನ್ನು ಕೊಯ್ಯುವ ವೈದ್ಯನ ಶಸ್ತ್ರವು ಬಗೆಹರಿಸಲೇಬೇಕಾದ ತೊಡಕಾಗಿತ್ತು. ಆ ತೊಡಕು ಇಂದು ಅತ್ಯಂತ ಸೂಕ್ಷ್ಮವಾದ ರೂಪದಲ್ಲಿ ಕಾಣಿಸಿಕೊಳ್ಳುವುದು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ವಿಕಿರಣ ಚಿಕಿತ್ಸೆಯ ಯೋಜನೆ ಸಿದ್ಧವಾಗುವ ಕೋಣೆಯಲ್ಲಿ. ಅಲ್ಲಿ ಹಾನಿಯು ಆಕಸ್ಮಿಕವಾಗಿ ಒದಗುವುದಿಲ್ಲ. ಯಾವ ಅಂಗಕ್ಕೆ ಎಷ್ಟು ಎಂದು ಮೊದಲೇ ಲೆಕ್ಕ ಹಾಕಿ, ಒಪ್ಪಿ, ಸಹಿ ಮಾಡಿ, ಆಮೇಲೆ ಕೊಡಲಾಗುತ್ತದೆ. ಗರ್ಭಕಂಠದ ಕ್ಯಾನ್ಸರಿಗೆ ದಿಕ್ಕನ್ನು ನಿಯಂತ್ರಿಸಿ ಕೊಡುವ ಒಳವಿಕಿರಣ ಚಿಕಿತ್ಸೆಯು ಈ ಲೆಕ್ಕವನ್ನು ಇನ್ನಷ್ಟು ನಯಗೊಳಿಸಿದೆ. ನಯಗೊಳಿಸಿದ್ದರಿಂದಲೇ ಅದರ ನೈತಿಕ ಭಾರವನ್ನೂ ಹೆಚ್ಚಿಸಿದೆ.

ರೋಗದ ಸ್ವರೂಪವನ್ನು ಮೊದಲು ಹೇಳಬೇಕು. ಗರ್ಭಾಶಯವು ಯೋನಿಯನ್ನು ಸೇರುವ ಕಿರಿದಾದ ಕೆಳಭಾಗಕ್ಕೆ ಗರ್ಭಕಂಠ ಎಂದು ಹೆಸರು. ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನ ಕೆಲವು ಪ್ರಭೇದಗಳು ಅಲ್ಲಿ ದೀರ್ಘಕಾಲ ನೆಲೆಸಿದರೆ ಕ್ಯಾನ್ಸರ್ ಹುಟ್ಟಬಹುದೆಂಬುದನ್ನು ತೋರಿಸಿದ್ದಕ್ಕಾಗಿ ಹಾರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಲಸಿಕೆಯಿಂದಲೂ ಸಕಾಲದ ತಪಾಸಣೆಯಿಂದಲೂ ಬಹುಮಟ್ಟಿಗೆ ತಡೆಯಬಹುದಾದ ರೋಗವಿದು. ಆದರೂ 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ ಸುಮಾರು 1,27,000 ಹೆಂಗಸರಲ್ಲಿ ಅದು ಹೊಸದಾಗಿ ಪತ್ತೆಯಾಯಿತು, ಸುಮಾರು 80,000 ಮಂದಿ ಅದರಿಂದ ತೀರಿಕೊಂಡರು. ಬಹಳ ಮಂದಿ ಆಸ್ಪತ್ರೆಗೆ ಬರುವಷ್ಟರಲ್ಲಿ ಗಡ್ಡೆ ಗರ್ಭಕಂಠವನ್ನು ದಾಟಿ ಅಕ್ಕಪಕ್ಕದ ಅಂಗಾಂಶಕ್ಕೆ ಹಬ್ಬಿರುತ್ತದೆ. ಆ ಹಂತದಲ್ಲಿ ಶಸ್ತ್ರಚಿಕಿತ್ಸೆಯಿಂದ ಅದನ್ನು ಪೂರ್ತಿಯಾಗಿ ತೆಗೆಯುವುದು ಸಾಧ್ಯವಾಗದ ಕಾರಣ ಮುಖ್ಯ ಚಿಕಿತ್ಸೆ ವಿಕಿರಣವೇ ಆಗುತ್ತದೆ. ರೋಗಿಗಳ ಆಡುಮಾತಿನಲ್ಲಿ ‘ಕರೆಂಟ್ ಕೊಡುವುದು’ ಎಂದು ಕರೆಸಿಕೊಳ್ಳುವ ಈ ಚಿಕಿತ್ಸೆ ಎರಡು ಘಟ್ಟಗಳಲ್ಲಿ ನಡೆಯುತ್ತದೆ. ಮೊದಲು ಸುಮಾರು ಐದು ವಾರ ಹೊರಗಿನ ಯಂತ್ರದಿಂದ ಇಡೀ ಕಿಬ್ಬೊಟ್ಟೆಗೆ ವಿಕಿರಣ, ಅದರ ಜೊತೆಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಎಂಬ ಔಷಧ. ಆ ಬಳಿಕ, ವಿಕಿರಣಶೀಲ ವಸ್ತುವನ್ನು ದೇಹದ ಒಳಗೇ, ಗಡ್ಡೆಯ ನಡುವೆಯೇ ತಂದಿರಿಸುವ ಒಳವಿಕಿರಣ ಚಿಕಿತ್ಸೆ, ಅಂದರೆ ಬ್ರೇಕಿಥೆರಪಿ.

ಈ ಎರಡನೆಯ ಘಟ್ಟವಿಲ್ಲದೆ ಮೊದಲನೆಯದು ಬಹುತೇಕ ಅಪೂರ್ಣ. ಕಾರಣ ಸರಳ ಭೌತಶಾಸ್ತ್ರದಲ್ಲಿದೆ: ಚಿಕ್ಕ ಮೂಲದಿಂದ ಹೊರಡುವ ವಿಕಿರಣದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ, ಅಂದರೆ ಒಂದು ಸೆಂಟಿಮೀಟರಿನಲ್ಲಿ ಇರುವುದರ ಕಾಲು ಭಾಗ ಮಾತ್ರ ಎರಡು ಸೆಂಟಿಮೀಟರಿನಲ್ಲಿ ಉಳಿಯುತ್ತದೆ. ಮೂಲ ಗಡ್ಡೆಯೊಳಗೇ ಇದ್ದರೆ ಗಡ್ಡೆಗೆ ಅಪಾರ ಪ್ರಮಾಣ ಸಿಗುತ್ತದೆ, ದೂರದ ಅಂಗಗಳಿಗೆ ಸ್ವಲ್ಪವೇ ತಲುಪುತ್ತದೆ. ಆದರೆ ಇಲ್ಲಿ ನೆರೆಯ ಅಂಗಗಳು ದೂರದಲ್ಲಿಲ್ಲ. ಗರ್ಭಕಂಠದ ಮುಂದೆ ಮೂತ್ರಕೋಶ, ಹಿಂದೆ ಗುದನಾಳ, ಮೇಲೆ ಬಳುಕಿ ಬಂದು ಒರಗುವ ಸಿಗ್ಮಾಯ್ಡ್ ಕರುಳು, ಕೆಳಗೆ ಯೋನಿ. ಇವುಗಳಿಗೂ ಗಡ್ಡೆಗೂ ನಡುವೆ ಇರುವ ಅಂತರ ಹಲವು ಸಲ ಮಿಲಿಮೀಟರುಗಳಲ್ಲಿ ಎಣಿಸುವಷ್ಟು. ಗರ್ಭಾಶಯದ ಒಳಗೆ ಹೋಗುವ ಟ್ಯಾಂಡೆಮ್ ಎಂಬ ಸಪೂರ ಕೊಳವೆ, ಗರ್ಭಕಂಠಕ್ಕೆ ಒತ್ತಿಕೊಂಡು ಯೋನಿಯ ಮೇಲ್ತುದಿಯಲ್ಲಿ ಕೂರುವ ಜೋಡಿ ಓವಾಯ್ಡ್‌ಗಳು ಅಥವಾ ಒಂದು ರಿಂಗ್, ಇವುಗಳ ಮೂಲಕ ಇರಿಡಿಯಂ-192 ಎಂಬ ವಿಕಿರಣಶೀಲ ಲೋಹದ ಅಕ್ಕಿಕಾಳಿಗಿಂತ ಚಿಕ್ಕ ತುಣುಕು, ತಂತಿಯ ತುದಿಯಲ್ಲಿ ಒಳಹೊಕ್ಕು, ನಿಗದಿಯಾದ ಸ್ಥಾನಗಳಲ್ಲಿ ನಿಗದಿಯಾದಷ್ಟು ಸೆಕೆಂಡು ನಿಂತು ಹೊರಬರುತ್ತದೆ. ಎಲ್ಲಿ, ಎಷ್ಟು ಹೊತ್ತು ನಿಲ್ಲಬೇಕು ಎಂಬ ತೀರ್ಮಾನವೇ ಚಿಕಿತ್ಸಾ ಯೋಜನೆ.

1938ರಲ್ಲಿ ಮ್ಯಾಂಚೆಸ್ಟರಿನಲ್ಲಿ ಟಾಡ್ ಮತ್ತು ಮೆರೆಡಿತ್ ಎಂಬ ಇಬ್ಬರು ಈ ತೀರ್ಮಾನಕ್ಕೆ ಒಂದು ಸ್ಥಿರವಾದ ಆಧಾರವನ್ನು ಕೊಟ್ಟರು. ಟ್ಯಾಂಡೆಮ್‌ನ ಗುಂಟ ಎರಡು ಸೆಂಟಿಮೀಟರ್ ಮೇಲಕ್ಕೆ, ಅಲ್ಲಿಂದ ಪಕ್ಕಕ್ಕೆ ಎರಡು ಸೆಂಟಿಮೀಟರ್ ಸರಿದರೆ ಸಿಗುವ ಬಿಂದುವನ್ನು ಅವರು ‘ಎ’ ಬಿಂದು ಎಂದು ಕರೆದು, ಅಲ್ಲಿಗೆ ತಲುಪುವ ಪ್ರಮಾಣವನ್ನೇ ಚಿಕಿತ್ಸೆಯ ಅಳತೆಯಾಗಿ ಇಟ್ಟರು. ಹಲವು ದಶಕಗಳ ಕಾಲ ಲಕ್ಷಾಂತರ ಹೆಂಗಸರು ಈ ಒಂದು ಬಿಂದುವಿನ ಆಸರೆಯಲ್ಲಿ ಬದುಕಿದ್ದಾರೆ. ಅದನ್ನು ಹಳತೆಂದು ತಳ್ಳಿಹಾಕುವುದು ಕೃತಘ್ನತೆಯಾಗುತ್ತದೆ. ಆದರೆ ‘ಎ’ ಬಿಂದುವಿಗೆ ರೋಗಿಯ ಗಡ್ಡೆ ಎಲ್ಲಿದೆಯೆಂಬುದು ಗೊತ್ತಿಲ್ಲ, ಕೊಳವೆ ಎಲ್ಲಿದೆಯೆಂಬುದಷ್ಟೇ ಗೊತ್ತು. ಯುರೋಪಿನ ತಜ್ಞರ ಗುಂಪೊಂದು 2005 ಮತ್ತು 2006ರಲ್ಲಿ ಪ್ರಕಟಿಸಿದ ಶಿಫಾರಸುಗಳು ಬಿಂದುವಿನ ಬದಲು ಗಾತ್ರವನ್ನು ಮುಂದಿಟ್ಟವು: ಎಂ.ಆರ್.ಐ. ಚಿತ್ರದಲ್ಲಿ ಗಡ್ಡೆಯನ್ನೂ ಅಂಗಗಳನ್ನೂ ಗೆರೆ ಎಳೆದು ಗುರುತಿಸಿ, ಗಡ್ಡೆಯ ನೂರಕ್ಕೆ ತೊಂಬತ್ತು ಭಾಗಕ್ಕೆ ಕನಿಷ್ಠ ಎಷ್ಟು ಪ್ರಮಾಣ ತಲುಪುತ್ತದೆ, ಪ್ರತಿ ಅಂಗದಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ಎರಡು ಘನ ಸೆಂಟಿಮೀಟರಿಗೆ ಎಷ್ಟು ಬೀಳುತ್ತದೆ ಎಂದು ಬರೆದಿಡುವ ಪದ್ಧತಿ ಬಂತು. ಈ ಪದ್ಧತಿಯನ್ನು ಅನುಸರಿಸಿದ ಎಂಬ್ರೇಸ್ ಎಂಬ ಬಹುದೇಶೀಯ ಅಧ್ಯಯನದ ಫಲಿತಾಂಶ 2021ರಲ್ಲಿ ಹೊರಬಂದಾಗ, ಐದು ವರ್ಷಗಳ ಬಳಿಕವೂ ನೂರರಲ್ಲಿ 92 ಮಂದಿಯಲ್ಲಿ ಗಡ್ಡೆ ಮೂಲಸ್ಥಾನದಲ್ಲಿ ಮರುಕಳಿಸಿರಲಿಲ್ಲ.

ದಿಕ್ಕಿನ ವಿಚಾರ ಬರುವುದು ಇಲ್ಲಿಯೇ. ಮಾಮೂಲಿ ಟ್ಯಾಂಡೆಮ್‌ನಲ್ಲಿ ನಿಂತ ಇರಿಡಿಯಂ ಸುತ್ತಲೂ ಸಮವಾಗಿ ವಿಕಿರಣ ಸೂಸುತ್ತದೆ. ಗಡ್ಡೆ ಎಡಕ್ಕೆ ವಾಲಿ ಬೆಳೆದಿದ್ದರೂ, ಮೂತ್ರಕೋಶ ಮುಂದುಗಡೆ ತೀರ ಹತ್ತಿರವಿದ್ದರೂ ಅದಕ್ಕೆ ಎಲ್ಲ ದಿಕ್ಕೂ ಒಂದೇ. ಅಮೆರಿಕ ಮತ್ತು ಕೆನಡಾದ ಸಂಶೋಧನಾ ಕೇಂದ್ರಗಳಲ್ಲಿ ವಿಲಿಯಂ ಸಾಂಗ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿ, 2014ರಿಂದ ಸರಣಿ ಲೇಖನಗಳಲ್ಲಿ ವಿವರಿಸಿದ ದಿಕ್ಕು ನಿಯಂತ್ರಿತ ಟ್ಯಾಂಡೆಮ್ ಒಂದು ಗಟ್ಟಿ ಟಂಗ್‌ಸ್ಟನ್ ಮಿಶ್ರಲೋಹದ ಸರಳು. ಹೊರಗಿನ ತೆಳು ಪ್ಲಾಸ್ಟಿಕ್ ಕವಚವೂ ಸೇರಿ ಸುಮಾರು ಆರು ಮಿಲಿಮೀಟರ್ ದಪ್ಪ. ಅದರ ಅಂಚಿನ ಸುತ್ತ ಸಮದೂರದಲ್ಲಿ ಆರು ಕಾಲುವೆಗಳಿವೆ. ಇರಿಡಿಯಂ ಯಾವ ಕಾಲುವೆಯಲ್ಲಿ ನಿಲ್ಲುತ್ತದೋ ಆ ಕಡೆಗೆ ವಿಕಿರಣ ತೆರೆದುಕೊಳ್ಳುತ್ತದೆ, ಹಿಂಬದಿಗೆ ಹೋಗಬೇಕಾದದ್ದನ್ನು ಟಂಗ್‌ಸ್ಟನ್ ಬಹುಪಾಲು ನುಂಗುತ್ತದೆ. ದೀಪಕ್ಕೆ ಒಂದು ಕಡೆ ಅಂಗೈ ಮರೆಮಾಡಿದಂತೆ, ಆದರೆ ಬೆರಳ ಸಂದಿಯಿಂದ ಬೆಳಕು ಸೋರುವಂತೆಯೂ ಹೌದು, ಏಕೆಂದರೆ ಗಾಮಾ ಕಿರಣವನ್ನು ಇಷ್ಟು ತೆಳುವಾದ ಲೋಹ ಪೂರ್ತಿಯಾಗಿ ತಡೆಯಲಾರದು. ಟಂಗ್‌ಸ್ಟನ್ ಕಾಂತೀಯವಲ್ಲದ ಕಾರಣ ಈ ಸರಳು ಮೈಯೊಳಗೆ ಇರುವಾಗಲೇ ಎಂ.ಆರ್.ಐ. ಚಿತ್ರ ತೆಗೆಯಬಹುದು.

ಆರು ಸೆಂಟಿಮೀಟರ್ ಉದ್ದದಲ್ಲಿ ಅರ್ಧ ಸೆಂಟಿಮೀಟರಿಗೊಂದರಂತೆ ನಿಲ್ಲುವ ಸ್ಥಾನಗಳೆಂದುಕೊಂಡರೆ ಮಾಮೂಲಿ ಟ್ಯಾಂಡೆಮ್‌ನಲ್ಲಿ ಹನ್ನೆರಡು ಕಾಲಾವಧಿಗಳನ್ನು ಗೊತ್ತುಪಡಿಸಿದರೆ ಸಾಕಿತ್ತು. ಆರು ಕಾಲುವೆಗಳಿಗೆ ಅದು ಎಪ್ಪತ್ತೆರಡಾಗುತ್ತದೆ. ಇಷ್ಟನ್ನು ಒಬ್ಬ ತಜ್ಞ ಕೈಯಿಂದ ಹೊಂದಿಸುವುದು ಕಷ್ಟವಾದ್ದರಿಂದ ಹಿಮ್ಮುಖ ಯೋಜನೆ ಎಂಬ ವಿಧಾನ ಅನಿವಾರ್ಯವಾಗುತ್ತದೆ. ಅದರಲ್ಲಿ ವೈದ್ಯ ಮತ್ತು ವೈದ್ಯಕೀಯ ಭೌತವಿಜ್ಞಾನಿ ಕಾಲಾವಧಿಗಳನ್ನು ಹೇಳುವುದಿಲ್ಲ, ತಮಗೆ ಬೇಕಾದ ಫಲವನ್ನು ಹೇಳುತ್ತಾರೆ: ಗಡ್ಡೆಗೆ 90ರಿಂದ 95 ಗ್ರೇ, ಮೂತ್ರಕೋಶದ ಎರಡು ಘನ ಸೆಂಟಿಮೀಟರಿಗೆ 80ರೊಳಗೆ, ಗುದನಾಳಕ್ಕೆ 65ರೊಳಗೆ, ಸಿಗ್ಮಾಯ್ಡ್ ಕರುಳಿಗೆ 70ರೊಳಗೆ. ಗ್ರೇ ಎಂಬುದು ಅಂಗಾಂಶ ಹೀರಿಕೊಂಡ ವಿಕಿರಣದ ಮಾನ. ಇಲ್ಲಿ ಕೊಟ್ಟ ಸಂಖ್ಯೆಗಳು ಎಂಬ್ರೇಸ್ ಅಧ್ಯಯನದ ಎರಡನೆಯ ಹಂತದ ಗುರಿಗಳು, ಹೊರಗಿನ ಹಾಗೂ ಒಳಗಿನ ವಿಕಿರಣವನ್ನು ದಿನಕ್ಕೆ ಎರಡು ಗ್ರೇಯಂತೆ ಕೊಟ್ಟಿದ್ದರೆ ಆಗುವ ಪರಿಣಾಮಕ್ಕೆ ಸಮಗೊಳಿಸಿ ಕೂಡಿದ ಮೊತ್ತ. ಗುರಿ ತಪ್ಪಿದ ಪ್ರತಿ ಕಡೆಯೂ ಗಣಕ ಒಂದು ದಂಡವನ್ನು ಹಾಕುತ್ತದೆ, ಆ ದಂಡವನ್ನು ಅಂಗಕ್ಕೆ ಗೊತ್ತುಪಡಿಸಿದ ‘ಭಾರ’ದಿಂದ ಗುಣಿಸುತ್ತದೆ, ಎಲ್ಲವನ್ನೂ ಕೂಡಿ ಆ ಮೊತ್ತ ಅತಿ ಕಡಿಮೆಯಾಗುವ ಕಾಲಾವಧಿಗಳನ್ನು ಹುಡುಕುತ್ತದೆ. ಗಣಕದ ಈ ಹುಡುಕಾಟ ಗಣಿತವೇ ಹೌದು. ಆದರೆ ಮೂತ್ರಕೋಶಕ್ಕೆ ಎಷ್ಟು ಭಾರ, ಗುದನಾಳಕ್ಕೆ ಎಷ್ಟು ಭಾರ ಎಂಬ ಸಂಖ್ಯೆ ಗಣಿತದಿಂದ ಬಂದದ್ದಲ್ಲ. ಒಂದು ಹಾನಿ ಇನ್ನೊಂದಕ್ಕಿಂತ ಎಷ್ಟು ಕೆಟ್ಟದ್ದು ಎಂಬ ಮೌಲ್ಯನಿರ್ಣಯ ಅದು, ಸಂಖ್ಯೆಯ ವೇಷದಲ್ಲಿ ಒಳಗೆ ಬಂದಿದೆ. ಈ ಪ್ರಬಂಧದ ಪ್ರಶ್ನೆ ಆ ಸಂಖ್ಯೆಗೆ ಸಂಬಂಧಿಸಿದ್ದು.

ಆ ಸಂಖ್ಯೆಯ ಹೊಣೆಯನ್ನು ವಿಚಾರಿಸಲು ಮೊದಲು ಹೇಳಿದ ಜೈನ ದರ್ಶನಕ್ಕೆ ಮರಳಬೇಕು. ಕರ್ನಾಟಕದಲ್ಲಿ ಬಾಳಿದ, ಶ್ರವಣಬೆಳಗೊಳದ ಶಾಸನಗಳು ಕೊಂಡಾಡುವ ಪೂಜ್ಯಪಾದನು, ಅಂದರೆ ದೇವನಂದಿ ಮುನಿಯು, ಕ್ರಿ.ಶ. 5-6ನೆಯ ಶತಮಾನದ ಸುಮಾರಿಗೆ ಉಮಾಸ್ವಾತಿಯ ತತ್ತ್ವಾರ್ಥಸೂತ್ರವೆಂಬ ಜೈನ ಗ್ರಂಥಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನವನ್ನು ಬರೆದನು. ತನಗಾಗಲಿ ಇತರರಿಗಾಗಲಿ ದುಃಖ ಕೊಡುವುದರಿಂದ ಮುಂದೆ ದುಃಖ ಉಣ್ಣಬೇಕಾದ ಕರ್ಮ ಅಂಟುತ್ತದೆ ಎನ್ನುವ ಸೂತ್ರವನ್ನು ವಿವರಿಸುವಾಗ ಅವನು ಒಂದು ಆಕ್ಷೇಪವನ್ನು ತಾನೇ ಎತ್ತಿಕೊಳ್ಳುತ್ತಾನೆ: ಹಾಗಿದ್ದರೆ ಕೇಶಲೋಚ (ತಲೆಗೂದಲನ್ನು ಕಿತ್ತುಕೊಳ್ಳುವುದು), ಉಪವಾಸ ಮೊದಲಾದ ಕಠಿಣ ಆಚರಣೆಗಳೂ ಪಾಪವಾಗಬೇಡವೇ? ಇದಕ್ಕೆ ಉತ್ತರವಾಗಿ ಅವನು ಕೊಡುವ ದೃಷ್ಟಾಂತವೇ ವೈದ್ಯನದು. ಪರಮ ಕರುಣೆಯಿಂದ ಕೂಡಿದ ವೈದ್ಯನೊಬ್ಬ ಸಂಯಮಿಯಾದ ಮುನಿಯ ಮೈಮೇಲಿನ ಕುರುವನ್ನು ಕೊಯ್ಯುವಾಗ ನೋವು ಉಂಟಾದರೂ, ಆ ಬಾಹ್ಯ ಕಾರಣದಿಂದ ಮಾತ್ರವೇ ವೈದ್ಯನಿಗೆ ಪಾಪಬಂಧವಿಲ್ಲ; ಬಂಧಕ್ಕೆ ಕಾರಣವಾಗುವುದು ಒಳಗಿನ ಕ್ರೋಧಾದಿ ಭಾವಗಳು. ಹದಿಮೂರನೆಯ ಶತಮಾನದ ಯುರೋಪಿನಲ್ಲಿ ಥಾಮಸ್ ಅಕ್ವಿನಾಸನು, ಆತ್ಮರಕ್ಷಣೆಗಾಗಿ ಕೊಲ್ಲುವುದು ಸರಿಯೇ ಎಂಬ ಪ್ರಶ್ನೆಯನ್ನು ಬಿಡಿಸುತ್ತ ಇದಕ್ಕೆ ಹತ್ತಿರದ ತೀರ್ಮಾನಕ್ಕೆ ಬಂದನು: ಒಂದೇ ಕ್ರಿಯೆಗೆ ಎರಡು ಪರಿಣಾಮಗಳಿರಬಹುದು, ಕರ್ತೃ ಬಯಸುವುದು ಒಂದನ್ನು, ಇನ್ನೊಂದು ಅವನ ಸಂಕಲ್ಪದ ಆಚೆಗೆ ಉಳಿಯುತ್ತದೆ, ಆದರೆ ಬೇಕಾದುದಕ್ಕಿಂತ ಹೆಚ್ಚು ಬಲ ಬಳಸಿದರೆ ಆ ಕ್ರಿಯೆ ಸಮರ್ಥನೀಯವಾಗದು. ಮುಂದಿನ ಕ್ರೈಸ್ತ ನೀತಿಶಾಸ್ತ್ರಜ್ಞರು ಇದನ್ನು ದ್ವಿಪರಿಣಾಮ ತತ್ತ್ವವೆಂದು ಬೆಳೆಸಿದರು, ಇಂದಿನ ವೈದ್ಯಕೀಯ ನೀತಿಯ ಬಹಳಷ್ಟು ಚರ್ಚೆ ಅದರ ನೆಲದ ಮೇಲೆಯೇ ನಿಂತಿದೆ.

ಈ ಎರಡೂ ವಾದಗಳು ‘ಎ’ ಬಿಂದುವಿನ ಕಾಲದ ವೈದ್ಯನಿಗೆ ಚೆನ್ನಾಗಿ ಹೊಂದುತ್ತವೆ. ಅವನು ಗಡ್ಡೆಯನ್ನು ಕೊಲ್ಲಲು ಬಯಸಿದ, ಮೂತ್ರಕೋಶಕ್ಕೆ ಪೆಟ್ಟು ಬೀಳುತ್ತದೆಂದು ಬಲ್ಲ, ಆದರೆ ಅದನ್ನು ಬಯಸಲಿಲ್ಲ. ದಿಕ್ಕು ನಿಯಂತ್ರಿತ ಯೋಜನೆಯನ್ನು ಮಾಡುವವರ ಸ್ಥಿತಿ ಬೇರೆ. ಅವರ ಮುಂದೆ ಒಂದು ಯೋಜನೆಯಲ್ಲ, ಹಲವು ಯೋಜನೆಗಳಿರುತ್ತವೆ: ಒಂದರಲ್ಲಿ ಗಡ್ಡೆಗೆ 94 ಗ್ರೇ, ಮೂತ್ರಕೋಶಕ್ಕೆ 79, ಇನ್ನೊಂದರಲ್ಲಿ ಗಡ್ಡೆಗೆ 91, ಮೂತ್ರಕೋಶಕ್ಕೆ 73, ಆದರೆ ಗುದನಾಳಕ್ಕೆ ಮೊದಲಿಗಿಂತ ಮೂರು ಹೆಚ್ಚು. ಇವುಗಳಲ್ಲಿ ಒಂದನ್ನು ಆರಿಸಿದವರು ಮೂತ್ರಕೋಶದ 79ನ್ನು ಕೇವಲ ಮುಂಗಂಡರು ಎನ್ನಲಾಗದು, ಬೇರೆ ಹಂಚಿಕೆಗಳ ಎದುರಿಟ್ಟು ಆ ಹಂಚಿಕೆಯನ್ನೇ ಒಪ್ಪಿದರು ಎನ್ನಬೇಕು. ಹಾನಿ ಮಾಡಬೇಕೆಂಬ ದುರುದ್ದೇಶ ಅಲ್ಲಿ ಇಲ್ಲವೇ ಇಲ್ಲ, ನಿಜ. ಆದರೆ ಹಾನಿಯ ಹಂಚಿಕೆ ಅವರ ಸಂಕಲ್ಪದ ಆಚೆಗೆ ಉಳಿದಿಲ್ಲ. ಬಯಸಿ ಮಾಡಿದ್ದು ಮತ್ತು ತಾನಾಗಿ ಆದದ್ದು ಎಂಬ ಎರಡೇ ಮನೆಗಳಿರುವ ನೀತಿಶಾಸ್ತ್ರದಲ್ಲಿ ಇದಕ್ಕೆ ಜಾಗವಿಲ್ಲ. ಎಲ್ಲ ಆರಂಭಗಳಿಗೂ ದೋಷ ಮುತ್ತಿಕೊಂಡೇ ಇರುತ್ತದೆ ಎಂಬ ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದ ಅರಿವೂ ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಜೊತೆ ಬರುತ್ತದೆ. ದೋಷವಿದ್ದರೂ ಕರ್ಮವನ್ನು ಬಿಡಬಾರದೆಂದು ಅದು ಧೈರ್ಯ ತುಂಬುತ್ತದೆ, ಆರು ದಿಕ್ಕುಗಳಲ್ಲಿ ಯಾವ ದಿಕ್ಕಿಗೆ ಎಷ್ಟು ದೋಷ ಎಂಬುದಕ್ಕೆ ದಾರಿ ತೋರುವುದಿಲ್ಲ.

ಹೆಚ್ಚು ನೆರವಾಗುವುದು ತತ್ತ್ವಾರ್ಥಸೂತ್ರದ ಇನ್ನೊಂದು ವಿಚಾರ. ಅದರ ಏಳನೆಯ ಅಧ್ಯಾಯವು ಹಿಂಸೆಯನ್ನು ವ್ಯಾಖ್ಯಾನಿಸುವಾಗ ಪ್ರಾಣಕ್ಕೆ ಒದಗಿದ ಹಾನಿಯೊಂದನ್ನೇ ಹೇಳದೆ, ಆ ಹಾನಿ ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಒದಗಿದ್ದಾಗಿರಬೇಕು ಎಂಬುದನ್ನು ಸೇರಿಸುತ್ತದೆ. ಪೂಜ್ಯಪಾದನು ಇದನ್ನು ಬಿಡಿಸುವುದು ನಡಿಗೆಯ ನಿಯಮದ ಮೂಲಕ: ಈರ್ಯಾಸಮಿತಿಯನ್ನು ಪಾಲಿಸುತ್ತ, ನೆಲ ನೋಡಿ ಹೆಜ್ಜೆ ಇಡುವ ಮುನಿಯ ಪಾದದಡಿ ಸಣ್ಣ ಜೀವಿಯೊಂದು ಸಿಕ್ಕಿ ಸತ್ತರೆ ಅವನಿಗೆ ಬಂಧವಿಲ್ಲ, ನೋಡದೆ ನಡೆದವನಿಗೆ, ಯಾವ ಜೀವಿಯೂ ಸಾಯದಿದ್ದರೂ, ಹಿಂಸೆಯ ದೋಷ ಉಂಟು. ಈ ನಿಯಮದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎಷ್ಟು ದೂರ ನೋಡಿ ನಡೆಯಬೇಕೆಂಬುದಕ್ಕೆ ಜೈನ ಆಚಾರಗ್ರಂಥಗಳು ಅಳತೆ ಕೊಡುತ್ತವೆ: ನೊಗದಷ್ಟು ದೂರ. ಎಚ್ಚರ ಎಂಬುದು ಬರಿಯ ಮನಃಸ್ಥಿತಿಯಾಗಿ ಉಳಿಯದೆ, ಕಣ್ಣಿಗೂ ನೆಲಕ್ಕೂ ನಡುವಿನ ಅಳೆಯಬಹುದಾದ ಕರ್ತವ್ಯವಾಗುತ್ತದೆ. ಬರಿಗಣ್ಣಿನಿಂದ ನಡೆಯುವವನಿಗೆ ನೊಗದಷ್ಟು ದೂರ ನ್ಯಾಯವಾದ ಅಳತೆ. ಅದಕ್ಕಿಂತ ಮುಂದೆ ನೋಡಿದರೆ ಸಣ್ಣ ಜೀವಿ ಕಾಣದು, ಅದಕ್ಕಿಂತ ಹತ್ತಿರ ನೋಡಿದರೆ ಹೆಜ್ಜೆಯನ್ನು ತಡೆಯಲು ಸಮಯವಿರದು. ಹಾಗಾದರೆ ಕಣ್ಣಿನ ಶಕ್ತಿ ಬದಲಾದಾಗ ಅಳತೆಯೂ ಬದಲಾಗಬೇಕು. ಎಕ್ಸ್-ರೇ ಚಿತ್ರದಲ್ಲಿ ಮೂತ್ರಕೋಶದ ಒಂದು ಬಿಂದುವನ್ನು ಮಾತ್ರ ಕಂಡ ವೈದ್ಯನಿಗೆ ಇದ್ದ ಕರ್ತವ್ಯ, ಎಂ.ಆರ್.ಐ.ಯಲ್ಲಿ ಅದರ ಗೋಡೆಯನ್ನೇ ಕಂಡವನಿಗೆ ಸಾಲದು. ಸುತ್ತಲೂ ಸಮವಾಗಿ ಸೂಸುವ ಕೊಳವೆ ಮಾತ್ರ ಇದ್ದಾಗ ಅನಿವಾರ್ಯವಾಗಿದ್ದ ಪೆಟ್ಟು, ದಿಕ್ಕು ಹಿಡಿಯುವ ಸರಳು ಕೈಯಲ್ಲಿದ್ದಾಗ ಅನಿವಾರ್ಯವಾಗಿ ಉಳಿಯುವುದಿಲ್ಲ. ಅದನ್ನು ಕಡಿಮೆ ಮಾಡದೆ ಬಿಡುವುದು ಈಗ ಪ್ರಮಾದದ ಲೆಕ್ಕಕ್ಕೆ ಸೇರುತ್ತದೆ. ಹಾನಿಯ ಗಾತ್ರ ಅಷ್ಟೇ ಇದ್ದೂ ಅದರ ನೈತಿಕ ಹೆಸರು ಬದಲಾಗಿದೆ. ಪ್ರಾಚೀನರು ವಿಕಿರಣ ಚಿಕಿತ್ಸೆಯನ್ನು ಮುಂಗಂಡಿದ್ದರೆಂದು ಇದರಿಂದ ಹೇಳಿದಂತಾಗುವುದಿಲ್ಲ, ಅಂಥ ಮಾತು ಪೂಜ್ಯಪಾದನಿಗೆ ಗೌರವ ತರುವುದೂ ಇಲ್ಲ. ಅವನು ಇಟ್ಟ ಪ್ರಶ್ನೆ ಇಂದಿನ ಸಂಗತಿಯನ್ನು ತಾಳಿಕೊಳ್ಳುವಷ್ಟು ಗಟ್ಟಿಯಾಗಿದೆ ಎಂಬುದೇ ಅವನ ಹಿರಿಮೆ.

ಎಚ್ಚರವು ನೋಟಕ್ಕೆ ಮಾತ್ರವಲ್ಲ, ಲೆಕ್ಕಕ್ಕೂ ಅನ್ವಯಿಸುತ್ತದೆ. 1995ರಲ್ಲಿ ರೂಪುಗೊಂಡು 2004ರಲ್ಲಿ ಪರಿಷ್ಕೃತವಾದ ಟಿ.ಜಿ.-43 ಎಂಬ ಅಮೆರಿಕದ ಭೌತವಿಜ್ಞಾನಿಗಳ ಲೆಕ್ಕದ ವಿಧಾನವು ಒಳವಿಕಿರಣ ಚಿಕಿತ್ಸೆಯಲ್ಲಿ ಬಹಳ ಬಳಕೆಯಲ್ಲಿರುವಂಥದು, ಅದು ರೋಗಿಯ ದೇಹವೆಲ್ಲ ನೀರೇ ಎಂದು ಭಾವಿಸಿ ಪ್ರಮಾಣವನ್ನು ಲೆಕ್ಕ ಹಾಕುತ್ತದೆ. ಮೃದು ಅಂಗಾಂಶಕ್ಕೆ ಈ ಭಾವನೆ ದೊಡ್ಡ ತಪ್ಪಾಗುವುದಿಲ್ಲ. ಆದರೆ ನೀರಿಗಿಂತ ಸುಮಾರು ಹದಿನೆಂಟು ಪಟ್ಟು ಸಾಂದ್ರವಾದ ಟಂಗ್‌ಸ್ಟನ್ ಸರಳನ್ನು ಅದು ನೀರೆಂದೇ ತಿಳಿದರೆ ದಿಕ್ಕು ಎಂಬುದೇ ಲೆಕ್ಕದಿಂದ ಅಳಿಸಿಹೋಗುತ್ತದೆ. ಆದ್ದರಿಂದ ದಿಕ್ಕು ನಿಯಂತ್ರಿತ ಚಿಕಿತ್ಸೆಗೆ ಪ್ರತಿ ವಸ್ತುವಿನ ಸಾಂದ್ರತೆಯನ್ನೂ ಘಟಕಗಳನ್ನೂ ಗಣನೆಗೆ ತೆಗೆದುಕೊಂಡು, ಕೋಟಿಗಟ್ಟಲೆ ಫೋಟಾನುಗಳ ಹಾದಿಯನ್ನು ಒಂದೊಂದಾಗಿ ಅನುಸರಿಸುವ ಮಾಂಟೆ ಕಾರ್ಲೊದಂಥ ವಿಧಾನಗಳು ಬೇಕು. ಮರೆಯನ್ನು ಕೈಯಲ್ಲಿ ಹಿಡಿದು, ಮರೆಯನ್ನು ಕಾಣದ ಲೆಕ್ಕವನ್ನು ನಂಬುವುದು, ಕಣ್ಣು ಮುಚ್ಚಿ ನಡೆದು ಜೀವಿ ಸಾಯಲಿಲ್ಲವೆಂದು ಸಮಾಧಾನಪಟ್ಟವನ ದೋಷಕ್ಕಿಂತ ಭಿನ್ನವಾದುದಲ್ಲ.

ದಿಕ್ಕು ಕೊಟ್ಟ ಮಾತ್ರಕ್ಕೆ ಅಪಾಯ ಇಲ್ಲವಾಗುವುದಿಲ್ಲ, ಅದರ ಸ್ವಭಾವ ಬದಲಾಗುತ್ತದೆ. ಸುತ್ತಲೂ ಸಮವಾಗಿ ಸೂಸುವ ಟ್ಯಾಂಡೆಮ್ ತನ್ನ ಅಕ್ಷದ ಮೇಲೆ ಕೆಲವು ಡಿಗ್ರಿ ತಿರುಗಿದರೆ ಏನೂ ವ್ಯತ್ಯಾಸವಾಗದು. ದಿಕ್ಕು ಹಿಡಿದ ಸರಳು ತಿರುಗಿದರೆ ಗಡ್ಡೆಯ ಅಂಚು ತಪ್ಪಿ ಉಳಿಸಬೇಕಾಗಿದ್ದ ಅಂಗಕ್ಕೆ ಪೆಟ್ಟು ಬೀಳಬಹುದು. ಚಿತ್ರ ತೆಗೆದ ಹೊತ್ತಿಗೂ ಚಿಕಿತ್ಸೆ ಕೊಡುವ ಹೊತ್ತಿಗೂ ನಡುವೆ ಮೂತ್ರಕೋಶ ತುಂಬಿಕೊಳ್ಳುತ್ತದೆ, ಕರುಳು ಸರಿಯುತ್ತದೆ. ಟಂಗ್‌ಸ್ಟನ್ ಸ್ವಲ್ಪ ಭಾಗವನ್ನು ನುಂಗುವುದರಿಂದ ಇರಿಡಿಯಂ ಹೆಚ್ಚು ಹೊತ್ತು ಒಳಗೆ ನಿಲ್ಲಬೇಕಾಗುತ್ತದೆ, ಅಂದರೆ ಹೆಂಗಸು ಅಷ್ಟು ಹೊತ್ತು ಹೆಚ್ಚು ಅಲುಗಾಡದೆ ಮಲಗಿರಬೇಕಾಗುತ್ತದೆ. ಸೂಕ್ಷ್ಮವಾದ ಉಪಕರಣವು ಕೈತಪ್ಪನ್ನು ಕ್ಷಮಿಸುವುದಿಲ್ಲ. ಇದರ ಜೊತೆಗೆ, ಈ ಸರಳಿನ ಮೇಲ್ಮೆಯನ್ನು ತೋರಿಸಿದ ಮೊದಲ ಅಧ್ಯಯನಗಳು ಬಹುಮಟ್ಟಿಗೆ ಈಗಾಗಲೇ ಚಿಕಿತ್ಸೆ ಪಡೆದವರ ಚಿತ್ರಗಳ ಮೇಲೆ ಗಣಕದಲ್ಲಿ ಹೊಸ ಯೋಜನೆ ಹಾಕಿ ಹೋಲಿಸಿದವು ಎಂಬುದನ್ನು ನೆನಪಿಡಬೇಕು. ಗಡ್ಡೆ ಒಂದು ಪಕ್ಕಕ್ಕೆ ವಾಲಿ ಬೆಳೆದಿರುವಲ್ಲಿ ಲಾಭ ಹೆಚ್ಚು ಕಂಡಿದೆ, ಗಡ್ಡೆ ಸುತ್ತಲೂ ಸಮವಾಗಿ ಬೆಳೆದಲ್ಲಿ ಕಡಿಮೆ. ಹಾಳೆಯ ಮೇಲಿನ ಗ್ರೇಗಳು ಕಡಿಮೆಯಾದದ್ದು ಹತ್ತು ವರ್ಷದ ಬಳಿಕ ಒಬ್ಬ ಹೆಂಗಸಿನ ಮೈಯಲ್ಲಿ ಎಷ್ಟು ನೋವು ಕಡಿಮೆಯಾದಂತೆ ಎಂಬುದು ಬೇರೆಯೇ ಆದ ಪ್ರಶ್ನೆ.

ಆ ಪ್ರಶ್ನೆಯೇ ಭಾರದ ಸಂಖ್ಯೆಯ ಕಡೆಗೆ ಮತ್ತೆ ಕರೆದೊಯ್ಯುತ್ತದೆ. ಗಣಕದ ಸೂತ್ರವು ಮೂತ್ರಕೋಶದ ಹಾನಿಯನ್ನೂ ಗುದನಾಳದ ಹಾನಿಯನ್ನೂ ಗಡ್ಡೆ ಮರುಕಳಿಸುವ ಅಪಾಯವನ್ನೂ ಕೂಡಿಸಿ ಒಂದು ಮೊತ್ತವನ್ನಾಗಿ ಮಾಡುತ್ತದೆ. ಕೂಡಿಸಬೇಕಾದರೆ ಅವೆಲ್ಲಕ್ಕೂ ಒಂದೇ ಮಾನವಿರಬೇಕು. ಪದೇ ಪದೇ ಮೂತ್ರಕ್ಕೆ ಓಡಬೇಕಾದ, ರಕ್ತ ಕಾಣಿಸಿಕೊಳ್ಳುವ ಬದುಕಿಗೂ, ಗುದನಾಳ ಹುಣ್ಣಾಗಿ ಮನೆಯಿಂದ ಹೊರಬೀಳಲು ಅಂಜುವ ಬದುಕಿಗೂ, ರೋಗ ಮರಳಿ ಸಾಯುವ ಸಂಭವಕ್ಕೂ ಸಮಾನವಾದ ಮಾನ ಯಾವುದು? ಅಂಥ ಮಾನ ಪ್ರಕೃತಿಯಲ್ಲಿ ಇಲ್ಲ. ಯಾರೋ ಒಬ್ಬರು ಅದನ್ನು ನಿಶ್ಚಯಿಸುತ್ತಾರೆ. ಗುರಿಗಳನ್ನು ನಿಗದಿ ಮಾಡಿದ ಸಮಿತಿಗಳು ಸಾವಿರಾರು ರೋಗಿಗಳ ಅನುಭವವನ್ನು ನೋಡಿ ಮಾಡಿವೆ, ಅವಕ್ಕೆ ಬೆಲೆ ಕೊಡಬೇಕು. ಆದರೆ ಸಾವಿರ ಮಂದಿಯ ಸರಾಸರಿ ಒಬ್ಬಳ ಬದುಕಿನ ಆಯ್ಕೆಗೆ ಉತ್ತರವಾಗದು. ಗದ್ದೆಯಲ್ಲಿ ದಿನವಿಡೀ ನಿಂತು ದುಡಿಯುವ, ಸುತ್ತಮುತ್ತ ಶೌಚಾಲಯವಿಲ್ಲದ ಹೆಂಗಸಿಗೆ ಮೂತ್ರಕೋಶದ ಭಾರ ಒಂದು ರೀತಿ. ಮನೆಯೊಳಗೇ ಇರುವವಳಿಗೆ ಇನ್ನೊಂದು ರೀತಿ.

ಸೂತ್ರದಲ್ಲಿ ಹೆಸರಿಲ್ಲದ ಅಂಗಕ್ಕೆ ಭಾರವೇ ಇರುವುದಿಲ್ಲ ಎಂಬುದು ಇನ್ನೂ ಗಂಭೀರವಾದ ಸಂಗತಿ. ಬಹಳ ಕಾಲ ಯೋಜನೆಯ ಹಾಳೆಯಲ್ಲಿ ಮೂತ್ರಕೋಶ ಮತ್ತು ಗುದನಾಳಗಳಿಗೆ ಮಿತಿಗಳಿದ್ದವು, ಯೋನಿಗೆ ಹಾಗೆ ಎಲ್ಲರೂ ಒಪ್ಪಿದ ಮಿತಿ ಇರಲಿಲ್ಲ. ವಿಕಿರಣದಿಂದ ಯೋನಿ ಕಿರಿದಾಗುವುದು, ಮೊಟಕಾಗುವುದು, ಒಣಗುವುದು, ದಾಂಪತ್ಯ ನೋವಿನದಾಗುವುದು ಚಿಕಿತ್ಸಾಲಯಗಳಲ್ಲಿ ಪರಿಚಿತವಾಗಿದ್ದ ವಿಷಯವೇ. ಆದರೂ ಅಂತರರಾಷ್ಟ್ರೀಯ ವಿಕಿರಣ ಮಾನಗಳ ಆಯೋಗದ 89ನೆಯ ವರದಿಯು ಗುದನಾಳ ಮತ್ತು ಯೋನಿಗಳ ನಡುವಿನ ಬಿಂದುವೊಂದನ್ನು ಯೋನಿಯ ಪ್ರಮಾಣಕ್ಕೂ ಸೂಚಕವಾಗಿ ನಿಲ್ಲಿಸಿ, ಎಂಬ್ರೇಸ್ ಗುಂಪು ಆ ಬಿಂದುವಿಗೆ 65 ಗ್ರೇಯ ಗುರಿಯನ್ನು ಹಾಕಿದ ಮೇಲೆಯೇ ಆ ಹಾನಿಗೆ ಲೆಕ್ಕದಲ್ಲಿ ಸ್ಥಾನ ಸಿಕ್ಕಿದ್ದು. ಗಣಕವು ತನಗೆ ಹೇಳದೇ ಇದ್ದುದನ್ನು ಉಳಿಸುವುದಿಲ್ಲ. ಅಷ್ಟೇ ಅಲ್ಲ, ಹೇಳಿದ ಅಂಗಗಳನ್ನು ಉಳಿಸುವ ಹುರುಪಿನಲ್ಲಿ ಹೇಳದ ಅಂಗದ ಕಡೆಗೆ ವಿಕಿರಣವನ್ನು ನೂಕಬಲ್ಲದು, ಮತ್ತು ದಿಕ್ಕಿನ ಮೇಲೆ ಹಿಡಿತ ಹೆಚ್ಚಿದಷ್ಟೂ ಹೀಗೆ ನೂಕುವ ಶಕ್ತಿಯೂ ಹೆಚ್ಚುತ್ತದೆ. ಹೆಂಗಸಿನ ದಾಂಪತ್ಯ ಸುಖವು ಮಾತಿನಲ್ಲಿ ಬಾರದ ಸಮಾಜದಲ್ಲಿ ಅದು ಸೂತ್ರದಲ್ಲಿಯೂ ಬಾರದೆ ಹೋದರೆ, ಆ ಮೌನವೇ ಗ್ರೇಗಳಾಗಿ ಅವಳ ಮೈಗೆ ಇಳಿಯುತ್ತದೆ. ಪ್ರಮಾದದ ಅತ್ಯಂತ ಕೆಟ್ಟ ರೂಪ ಇದು, ಏಕೆಂದರೆ ಇದರಲ್ಲಿ ಯಾರೂ ತಪ್ಪು ಮಾಡಿದಂತೆ ಕಾಣುವುದಿಲ್ಲ.

ಇಲ್ಲಿ ಪೂಜ್ಯಪಾದನ ದೃಷ್ಟಾಂತದ ಒಂದು ಮಿತಿಯನ್ನೂ ಒಪ್ಪಬೇಕಾಗುತ್ತದೆ. ಅವನ ದೃಷ್ಟಾಂತದ ರೋಗಿ ದೇಹದ ಮಮತೆಯನ್ನು ತೊರೆದ ಮುನಿ. ಯಾವ ಅಂಗ ಉಳಿಯಲಿ, ಯಾವುದು ಕುಂದಲಿ ಎಂದು ಅವನನ್ನು ಕೇಳುವ ಅಗತ್ಯ ವೈದ್ಯನಿಗೆ ಬೀಳಲಿಲ್ಲ. ನೈತಿಕ ವಿಚಾರವೆಲ್ಲ ವೈದ್ಯನ ಅಂತರಂಗದಲ್ಲಿಯೇ ಮುಗಿಯಿತು. ಪ್ರಾಚೀನ ವೈದ್ಯಗ್ರಂಥಗಳು ಅನುಮತಿಯ ವಿಚಾರವನ್ನು ಎತ್ತಿದಲ್ಲಿಯೂ ಅದನ್ನು ರೋಗಿಯ ಹೊರಗೆ ಇಟ್ಟದ್ದುಂಟು: ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ಅಪಾಯಕರ ಚಿಕಿತ್ಸೆಗೆ ಮುನ್ನ ಅರಸನ ಅನುಮತಿಯನ್ನು ಪಡೆಯಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಇಂದು ಅರಸನ ಜಾಗದಲ್ಲಿ ಎಷ್ಟೋ ಸಲ ಗಂಡನೋ ಮಗನೋ ಸಹಿ ಹಾಕುತ್ತಾನೆ. ಒಪ್ಪಿಗೆಯ ಹಾಳೆಯಲ್ಲಿ ಅಡ್ಡಪರಿಣಾಮಗಳ ಪಟ್ಟಿ ಇರುತ್ತದೆ, ಆದರೆ ಅವುಗಳ ನಡುವೆ ಆಯ್ಕೆ ಇದೆಯೆಂಬುದು ಇರುವುದಿಲ್ಲ. ದಿಕ್ಕು ನಿಯಂತ್ರಿತ ಯೋಜನೆಯು ನಿಜವಾಗಿ ತೆರೆದಿಟ್ಟಿರುವುದು ಆ ಆಯ್ಕೆಯನ್ನು. ಹಲವು ಯೋಜನೆಗಳ ನಡುವಿನ ವ್ಯತ್ಯಾಸವನ್ನು ಗ್ರೇಗಳಲ್ಲಿ ಹೇಳಿದರೆ ಹೆಂಗಸಿಗೆ ಅರ್ಥವಾಗದು ಎಂಬುದು ನಿಜ, ಗಡ್ಡೆಯ ಗುರಿಯನ್ನು ಬಿಟ್ಟುಕೊಡುವಂಥ ಆಯ್ಕೆಯನ್ನು ಆತಂಕದ ಹೊತ್ತಿನಲ್ಲಿ ಅವಳ ಮೇಲೆ ಹೇರುವುದು ಕ್ರೌರ್ಯ ಎಂಬುದೂ ನಿಜ. ಆದರೆ ಗಡ್ಡೆಯ ಗುರಿ ಈಡೇರಿದ ಮೇಲೆ ಉಳಿಯುವ ಅವಕಾಶವನ್ನು ಯಾವ ಅಂಗದ ರಕ್ಷಣೆಗೆ ಬಳಸಬೇಕೆಂದು ಅವಳ ಭಾಷೆಯಲ್ಲಿ ಕೇಳುವುದಕ್ಕೆ ಯಾವ ಭೌತವಿಜ್ಞಾನವೂ ಅಡ್ಡ ಬರುವುದಿಲ್ಲ. ಕೇಳದೆ ಹಾಕಿದ ಭಾರವು, ಎಷ್ಟೇ ಕರುಣೆಯಿಂದ ಹಾಕಿದ್ದಾದರೂ, ನೋಡದೆ ಇಟ್ಟ ಹೆಜ್ಜೆಯೇ.

ಕೊನೆಯದಾಗಿ, ಎಚ್ಚರದ ಅಳತೆ ಉಪಕರಣದೊಂದಿಗೆ ಬೆಳೆಯುತ್ತದೆಂದರೆ ಉಪಕರಣವಿಲ್ಲದ ಆಸ್ಪತ್ರೆಯ ಗತಿ ಏನೆಂಬುದನ್ನು ವಿಚಾರಿಸಬೇಕು. ಇರಿಡಿಯಂ-192ರ ಅರ್ಧಾಯುಷ್ಯ ಸುಮಾರು 74 ದಿನ. ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ಮೂಲವನ್ನು ತರಿಸಿಕೊಳ್ಳಬೇಕು. ಕೋಬಾಲ್ಟ್-60ರ ಅರ್ಧಾಯುಷ್ಯ ಐದು ವರ್ಷಕ್ಕಿಂತ ಹೆಚ್ಚಾದ್ದರಿಂದ ಹಣದ ಅಡಚಣೆಯಿರುವ ಕೇಂದ್ರಗಳು ಅದನ್ನು ಆರಿಸಿಕೊಳ್ಳುವುದು ವಿವೇಕದ ನಿರ್ಧಾರವೇ. ಆದರೆ ಕೋಬಾಲ್ಟ್‌ನ ಗಾಮಾ ಕಿರಣದ ಸರಾಸರಿ ಶಕ್ತಿ ಇರಿಡಿಯಂನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು, ಅಷ್ಟು ತೆಳುವಾದ ಟಂಗ್‌ಸ್ಟನ್ ಸರಳು ಅದಕ್ಕೆ ಒಡ್ಡುವ ತಡೆ ಬಹಳ ದುರ್ಬಲ. ಇರಿಡಿಯಂಗಾಗಿ ರೂಪಿಸಿದ ದಿಕ್ಕಿನ ಹಿಡಿತ ಅಲ್ಲಿ ಸಡಿಲವಾಗುತ್ತದೆ. ಎಂ.ಆರ್.ಐ. ಇಲ್ಲದ ಕಡೆ ದಿಕ್ಕನ್ನು ಗೊತ್ತುಪಡಿಸುವುದೇ ಕಷ್ಟ. ಅಂಥಲ್ಲಿ ‘ಎ’ ಬಿಂದುವಿನ ಪ್ರಕಾರ ಶ್ರದ್ಧೆಯಿಂದ ಚಿಕಿತ್ಸೆ ಕೊಡುವ ವೈದ್ಯೆಯನ್ನು ಪ್ರಮತ್ತಳೆನ್ನಲಾಗದು. ಅವಳ ಕಣ್ಣಿಗೆ ಎಟುಕುವ ನೆಲವನ್ನು ಅವಳು ನೋಡಿಯೇ ನಡೆಯುತ್ತಿದ್ದಾಳೆ. ಹೊಸ ಉಪಕರಣಕ್ಕಾಗಿ ಕಾದು ಚಿಕಿತ್ಸೆಯನ್ನು ಎಂಟು ವಾರಗಳ ಆಚೆಗೆ ಎಳೆದರೆ ಗಡ್ಡೆ ಹಿಡಿತಕ್ಕೆ ಸಿಗುವ ಸಂಭವ ಕುಗ್ಗುತ್ತದೆಂಬುದು ದಶಕಗಳಿಂದ ತಿಳಿದ ಮಾತಾದ್ದರಿಂದ, ಕೈಯಲ್ಲಿರುವ ಕೊಳವೆಯಿಂದ ಕಾಲಕ್ಕೆ ಸರಿಯಾಗಿ ಮುಗಿಸುವುದೇ ಅವಳ ಪಾಲಿನ ಅಪ್ರಮಾದ. ಆದರೆ ಅವಳ ಮುಂದೆ ಇರುವ ಹೆಂಗಸಿನ ಮೂತ್ರಕೋಶಕ್ಕೆ ತಪ್ಪಿಸಬಹುದಾಗಿದ್ದ ಪೆಟ್ಟು ಬಿದ್ದದ್ದು ಸುಳ್ಳಾಗುವುದಿಲ್ಲ, ಮತ್ತು ಜೈನ ವಿಚಾರದಂತೆ ಪ್ರಮಾದ ನೆಲೆಸುವುದು ನೋಡಬಲ್ಲವನಾಗಿದ್ದೂ ನೋಡದವನಲ್ಲಿ. ಆ ಪೆಟ್ಟಿನ ಹೊಣೆ ಹಾಗಾಗಿ ಚಿಕಿತ್ಸೆಯ ಕೋಣೆಯಿಂದ ಹೊರಬಂದು, ಯಾವ ಜಿಲ್ಲೆಗೆ ಎಂ.ಆರ್.ಐ., ಯಾವ ಆಸ್ಪತ್ರೆಗೆ ಎಷ್ಟು ಅನುದಾನ, ಯಾವ ಊರಿನ ಹುಡುಗಿಯರಿಗೆ ಮೊದಲು ಲಸಿಕೆ ಎಂದು ಭಾರ ಹಾಕುವವರ ಮೇಜಿನ ಮೇಲೆ ಕೂರುತ್ತದೆ. ಅವರ ಎದುರಿನ ಹಾಳೆಯಲ್ಲಿಯೂ ಅಂಗಗಳ ಬದಲು ಊರುಗಳಿವೆ, ಹೆಸರಿಲ್ಲದ ಊರಿಗೆ ಅಲ್ಲಿಯೂ ಭಾರವಿಲ್ಲ.